ಮಹಡಿಯಿಂದ ಬಂದ ಉತ್ತರ

ಹೋದ ಭಾನುವಾರ ಹನುಮಂತನಗರದಲ್ಲಿ ಬಸ್ಸಿಳಿದು ತಂಗಿಯ ಮನೆಯ ಕಡೆ ಹೊರಟಿದ್ದೆ. ಬೆಳಗಿನಿಂದ ಜಿಟಿಜಿಟಿ ಹಿಡಿದಿದ್ದ ಮಳೆ ಆಗಷ್ಟೇ ಬಿಟ್ಟಿತ್ತು. ಗುಡ್ಡದ ಕೆಳಗಿನ ಅಡ್ಡರಸ್ತೆಗೆ ತಿರುಗುವಾಗ ಒದ್ದೆ ಕಾಗದ ಸುಟ್ಟ ಹೊಗೆ ಮೂಗಿಗೆ ಬಡಿಯಿತು. ಆ ಹೊಗೆಯ ಜೊತೆ ಇನ್ನೊಂದು ವಾಸನೆಯೂ ಇತ್ತು, ಬೆಂಕಿಗೆ ಹಿಡಿದ ಚರ್ಮದ್ದು. ತಮಟೆ ಕಾಯಿಸುವಾಗ ಬರುವ ಆ ವಾಸನೆಗೆ ಕೆಲವರಿಗೆ ಹಬ್ಬ ನೆನಪಾಗುತ್ತದೆ, ಕೆಲವರಿಗೆ ಹೆಣದ ಮೆರವಣಿಗೆ. ನನಗೆ ಶಂಕರಪುರದ ಒಂದು ಮನೆಯ ಮಹಡಿ ನೆನಪಾಯಿತು. ಕಬ್ಬಿಣದ ಜಾಲರಿ, ಅದಕ್ಕೆ ಕಟ್ಟಿದ ನೀಲಿ ತಾಡಪಾಲು. ಹೊಗೆ ಬಂದ ಕಡೆ ತಿರುಗಿದೆ.

ಬೆಂಕಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದವರು ಪುಟ್ಟತಾಯಮ್ಮ. ನಮ್ಮ ತಮಟೆ ತಂಡದ ಯಜಮಾನಿ. ‘ನಮ್ಮ’ ಎನ್ನುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ, ಎರಡು ವರ್ಷದಿಂದ ಆ ಕಡೆ ತಲೆ ಹಾಕಿರಲಿಲ್ಲ. ಮಂಡಿನೋವು ಎಂದು ಹೇಳಿ ಬಿಟ್ಟಿದ್ದೆ. ಮಂಡಿ ನೋಯುವುದೂ ಸುಳ್ಳಲ್ಲ.

“ಏನ್ ಗಿರಿಜಮ್ಮ, ಹೊಗೆ ಕುಡಿಯೋಕೆ ಬಂದ್ಯಾ?” ಎಂದರು, ತಲೆ ಎತ್ತದೆ.

“ಇದು ಚರ್ಮದ್ದಲ್ವಾ? ಎಲ್ಲಿ ಸಿಕ್ತು?”

“ನಮ್ಮಪ್ಪಂದೇ ಕಣಮ್ಮ. ಕಟ್ಟೋರು ಸಿಕ್ಬಿಟ್ರು ಈ ಸಲ. ಇವತ್ತೇ ಮೊದಲ್ನೇ ಸಲ ಬೀದಿಗೆ ತಂದಿರೋದು.” ತಮಟೆಯನ್ನು ಕಿವಿಯ ಹತ್ತಿರ ಹಿಡಿದು ಬೆರಳಿಂದ ತಟ್ಟಿ ನೋಡಿದರು. “ಇನ್ನೂ ಎದ್ದಿಲ್ಲ. ಕೂತ್ಕೊ.”

ನಾನು ಪಕ್ಕದ ಕಟ್ಟೆಯ ಮೇಲೆ ಕೂತೆ. ಚರ್ಮ ಬಿಗಿಯಾಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತಿನಲ್ಲಿ ಆ ಮಳೆಗಾಲ ಪೂರ್ತಿ ನನ್ನೊಳಗೆ ಹಾದುಹೋಯಿತು.

ನಾಲ್ಕು ವರ್ಷದ ಹಿಂದಿನ ಮಾತು. ನಾನು ಆಗಲೂ ಈಗಲೂ ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವವಳು. ಇನ್ನೊಬ್ಬರ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು, ಮತ್ತು ಮನೆಯವರ ಪ್ರಕಾರ ಹುಟ್ಟುಗುಣ ಕೂಡ. ನಮ್ಮ ತಂದೆ ಕಡೆಯವರದು ಕಾಟನ್‌ಪೇಟೆಯಲ್ಲಿ ನೂಲಿನ ವ್ಯಾಪಾರ. ಆ ಮನೆಯ ಹೆಣ್ಣುಮಗಳು ಬೀದಿಯಲ್ಲಿ ತಮಟೆಯವರ ಜೊತೆ ನಿಲ್ಲುತ್ತಾಳೆಂದು ಗೊತ್ತಾದಾಗ ನಮ್ಮ ದೊಡ್ಡಪ್ಪ ಮೂರು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಅವರ ಮಾತು ಕೇಳುವುದು ತಪ್ಪಿತಲ್ಲ ಎಂದು ನಾನು ಆರಾಮಾಗಿದ್ದೆ.

ನಾನು ತಂಡ ಸೇರಿದ್ದು ಜಗಳದಿಂದ. ಪುಟ್ಟತಾಯಮ್ಮ ತಮ್ಮ ಬೀದಿನಾಟಕದ ಕರಪತ್ರ ಅಚ್ಚು ಹಾಕಿಸಲು ಪ್ರೆಸ್ಸಿಗೆ ಬಂದಿದ್ದರು. ಅದರಲ್ಲಿದ್ದ ಹಾಡು ಓದಿ, “ಇದನ್ನ ಹಾಡಿದ್ರೆ ನಾಲಿಗೆ ತಿರುಚ್ಕೊಳ್ಳುತ್ತೆ” ಎಂದೆ. “ಹಾಗಾದ್ರೆ ನೀನೇ ಬರ್ಕೊಡು” ಎಂದರು. ಬರೆದುಕೊಟ್ಟೆ, ಅಲ್ಲಿಗೆ ಸಿಕ್ಕಿಬಿದ್ದೆ. ಅವರು ಸರ್ಕಾರಿ ಕಚೇರಿಯೊಂದರಲ್ಲಿ ಅಟೆಂಡರ್. ಅವರಪ್ಪ ಚಾಮರಾಜಪೇಟೆ ಸುತ್ತಿನಲ್ಲಿ ಹೆಸರು ಮಾಡಿದ್ದ ತಮಟೆಗಾರ. ಅಪ್ಪನ ಎರಡು ತಮಟೆಗಳು ಮಗಳ ಹೆಗಲಿಗೆ ಬಂದದ್ದು ಅವನು ಸತ್ತ ಮೇಲೆ. ಬದುಕಿದ್ದಾಗ ಮುಟ್ಟಲು ಬಿಟ್ಟಿರಲಿಲ್ಲ. ಹೆಂಗಸು ತಮಟೆ ಮುಟ್ಟಬಾರದು ಎನ್ನುವ ಕಟ್ಟು. ಅವನು ಹೊರಗೆ ಬಾರಿಸುತ್ತಿದ್ದರೆ ಇವರು ಒಳಗೆ ಊಟದ ತಟ್ಟೆಯನ್ನು ಕವುಚಿ ಹಾಕಿ ಅದರ ಮೇಲೆ ಅದೇ ಪೆಟ್ಟು ಕಲಿತರಂತೆ. ಒಂದು ದಿನ ಅವನು ಹೊರಗಿನಿಂದ ಒಂದು ಪ್ರಶ್ನೆ ಬಾರಿಸಿ ನಿಲ್ಲಿಸಿದ. ಇವರು ಒಳಗಿನಿಂದ ಉತ್ತರ ಕೊಟ್ಟರು. ಅವನು ಒಳಗೆ ಬಂದು ತಮಟೆಯನ್ನು ಹಣೆಗೆ ಮುಟ್ಟಿಸಿಕೊಂಡು ಮಗಳ ಕಡೆ ಎತ್ತಿ ಹಿಡಿದ. ಸರಿಯಾಗಿ ಉತ್ತರ ಕೊಟ್ಟವರಿಗೆ ತಮಟೆಗಾರ ಸಲ್ಲಿಸುವ ಶರಣು ಅದು. ಅದನ್ನು ಸಲ್ಲಿಸದೆ ತಮಟೆ ಕೆಳಗಿಟ್ಟರೆ ಕೈ ಬೀಳುತ್ತದೆ ಎಂದು ಅವರ ಮನೆಯಲ್ಲಿ ನಂಬಿಕೆ. ಈ ಕಥೆಯನ್ನು ಪುಟ್ಟತಾಯಮ್ಮ ಹೇಳಿದಾಗಲೆಲ್ಲ ಅವರ ಕಣ್ಣು ತುಂಬುತ್ತಿತ್ತು, ನನ್ನದೂ.

ತಂಡದಲ್ಲಿ ಇನ್ನಿಬ್ಬರು. ಚಾಮರಾಜಪೇಟೆಯಲ್ಲಿ ಬ್ಲೌಸ್ ಹೊಲಿಯುವ ಶಾಹೀನ್, ಯಾವ ವೇಷ ಹಾಕಿದರೂ ಅದೇ ಆಗಿಬಿಡುವವಳು. ಇನ್ನೊಬ್ಬಳು ಗೌರಮ್ಮ, ಶಂಕರಪುರದ ನಾಲ್ಕೈದು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದವಳು. ಆ ವರ್ಷದ ನಾಟಕ ಮನೆಗೆಲಸದವರದು. ವಾರಕ್ಕೊಂದು ರಜೆ, ಬೇರೆ ಲೋಟದ ಅವಮಾನ, ಸುಮ್ಮಸುಮ್ಮನೆ ಕಳ್ಳತನದ ಆರೋಪ, ಶಾಲೆಗೆ ಹೋಗಬೇಕಾದ ಮಕ್ಕಳನ್ನು ಎಲ್ಲಿಂದಲೋ ತಂದು ಮನೆಯಲ್ಲಿಟ್ಟುಕೊಳ್ಳುವುದು. ಭಾನುವಾರ ಬೆಳಗ್ಗೆ ಒಂದೊಂದು ಬೀದಿ. ಶುರುಮಾಡುವ ಕ್ರಮ ಹೀಗೆ: ಪುಟ್ಟತಾಯಮ್ಮ ತಮಟೆಯಲ್ಲಿ ಒಂದು ಪ್ರಶ್ನೆ ಬಾರಿಸುವುದು, ನಿಂತ ಜನ ಚಪ್ಪಾಳೆಯಲ್ಲಿ ಅದನ್ನು ವಾಪಸು ಕೊಡುವುದು. ಬೀದಿ ಉತ್ತರ ಕೊಡದೆ ನಾಟಕ ಶುರುವಾಗುತ್ತಿರಲಿಲ್ಲ.

ಶಂಕರಪುರದ ಆ ಬೀದಿ ಉತ್ತರ ಕೊಡಲಿಲ್ಲ. ಜೂನ್ ತಿಂಗಳು, ಸೋನೆ ಮಳೆ. ಕಾಂಪೌಂಡಿನ ಒಳಗಿಂದಲೇ ನಾಲ್ಕು ಜನ ಕೈಕಟ್ಟಿ ನೋಡುತ್ತಿದ್ದರು. ಪುಟ್ಟತಾಯಮ್ಮ ಮತ್ತೆ ಬಾರಿಸಿ ಕಾದರು. ಆಗ ಎಲ್ಲೋ ಮೇಲಿನಿಂದ ಟಣಟಣ ಎಂದು ಉತ್ತರ ಬಂತು. ಸಣ್ಣ ಸದ್ದು, ಲೋಹದ ಮೇಲೆ ಲೋಹ. ಪೆಟ್ಟು ಒಂದೂ ತಪ್ಪಿರಲಿಲ್ಲ. ಜೊತೆಗೆ ಕೊನೆಯಲ್ಲಿ, ಎಲ್ಲ ಮುಗಿದ ಮೇಲೆ, ಒಂದು ಹಗುರವಾದ ಹೆಚ್ಚಿನ ಪೆಟ್ಟು.

“ಅಲೆಲೆ, ಬಾಲ ಬೇರೆ ಹಚ್ತಾರೆ ನೋಡು!” ಎಂದು ಪುಟ್ಟತಾಯಮ್ಮ ನಕ್ಕರು. ಇನ್ನೂ ಕಷ್ಟದ್ದೊಂದು ಬಾರಿಸಿದರು. ಅದೂ ವಾಪಸು ಬಂತು, ಬಾಲದ ಸಮೇತ.

ಎದುರು ಮನೆಯ ಮಹಡಿ. ಪಕ್ಕಕ್ಕೆ ಚಾಚಿದ ಬಟ್ಟೆ ಒಗೆಯುವ ಜಾಗಕ್ಕೆ ಜಾಲರಿ ಹಾಕಿ, ಇರಚಲು ಬಡಿಯದ ಹಾಗೆ ನೀಲಿ ತಾಡಪಾಲು ಕಟ್ಟಿದ್ದರು. ತಾಡಪಾಲಿನ ಕೆಳಗಿನ ಸಂದಿಯಲ್ಲಿ ಒಂದು ಕೈ ಕಂಡಿತು. ತೆಳ್ಳಗಿನ ಮಣಿಕಟ್ಟು, ಅದಕ್ಕೆ ಕಪ್ಪು ದಾರ, ಬೆರಳ ನಡುವೆ ಚಮಚ.

ಆ ಮನೆ ನನಗೆ ಗೊತ್ತು. ನಿವೃತ್ತ ವಕೀಲರದು. ವರ್ಷಕ್ಕೊಮ್ಮೆ ಸ್ತೋತ್ರದ ಪುಸ್ತಕ ಅಚ್ಚು ಹಾಕಿಸಿ ಹಂಚುವವರು. ಕರಡು ತಿದ್ದಿದ್ದಕ್ಕೆ ನನಗೆ ತಪ್ಪದೆ ಪ್ರಸಾದ ತಂದುಕೊಡುವವರು. ಮಾತು ಬೆಣ್ಣೆ. ಮೊಮ್ಮಗಳೋ ಏನೋ ಇರಬೇಕು ಎಂದುಕೊಂಡೆ. ಗೌರಮ್ಮ ಮಾತ್ರ ಆ ದಿನ ಸರಿಯಾಗಿ ಹಾಡಲಿಲ್ಲ.

“ಆ ಮನೇಲಿ ಮಕ್ಳಿಲ್ಲ ಅಕ್ಕ” ಎಂದಳು, ಗಾಂಧಿ ಬಜಾರಿನ ಕಡೆ ನಡೆಯುವಾಗ. “ಗಂಡ ಹೆಂಡ್ತಿ ಇಬ್ರೇ. ಕೆಲಸಕ್ಕೂ ಯಾರೂ ಇಲ್ಲ, ಎಲ್ಲಾ ನಾನೇ ಮಾಡ್ಕೋತೀನಿ ಅಂತ ಆಯಮ್ಮ ಬೀದಿಗೆಲ್ಲ ಹೇಳ್ತಾರೆ. ಭಾನುವಾರ ಬೆಳಗ್ಗೆ ಪ್ರವಚನಕ್ಕೆ ಹೋಗ್ತಾರೆ. ಹೊರಗಡೆ ಬೀಗ ಇತ್ತು, ನೋಡಿದ್ರಾ?”

ನಾವ್ಯಾರೂ ನೋಡಿರಲಿಲ್ಲ. ಹಿಂದಿರುಗಿ ನೋಡುವ ಧೈರ್ಯವೂ ಬರಲಿಲ್ಲ.

ಮುಂದಿನ ಭಾನುವಾರ ಬೇರೆ ಬೀದಿಗೆ ಹೋಗಬೇಕಿತ್ತು, ಅದೇ ಬೀದಿಗೆ ಹೋದೆವು. ಬೀಗ ಇತ್ತು. ಉತ್ತರವೂ ಬಂತು. ಶಾಹೀನ್ ಸಹಾಯವಾಣಿಗೆ ಫೋನು ಮಾಡಿದಳು. ಹೆಸರೇನು, ವಯಸ್ಸೆಷ್ಟು, ಮುಖ ನೋಡಿದ್ದೀರಾ ಎಂದು ಕೇಳಿದರು. “ಸದ್ದು ಕೇಳಿದೀವಿ” ಎಂದಳು. ಆ ಕಡೆಯ ಹೆಂಗಸು ಒಳ್ಳೆಯವಳೇ, “ಇನ್ನೂ ಸ್ವಲ್ಪ ಏನಾದ್ರೂ ತಿಳ್ಕೊಂಡು ಹೇಳಿ ಮೇಡಂ, ದೊಡ್ಡ ಹುಡುಗಿ ಆಗಿದ್ರೆ ನಾವು ಹಾಗೆಲ್ಲ ಒಳಗೆ ನುಗ್ಗೋಕಾಗಲ್ಲ” ಎಂದಳು. ಗೌರಮ್ಮ ಯಾವುದೋ ನೆವ ಮಾಡಿಕೊಂಡು ಆ ಮನೆಯ ಬಾಗಿಲು ಬಡಿದಳು. ವಕೀಲರ ಹೆಂಡತಿ ಬಾಗಿಲನ್ನು ಅರ್ಧಕ್ಕೇ ತೆರೆದು, ಮಾತು ಮುಗಿಸಿ, ಮುಚ್ಚಿದರು. ಮಳೆ ಬಿಡುವುದೇ ಇಲ್ಲವೇನೋ ಎಂಬಂತೆ ಸುರಿಯುತ್ತಿತ್ತು. ಪ್ರೆಸ್ಸಿನಲ್ಲಿ ಕಾಗದವೆಲ್ಲ ಮೆತ್ತಗಾಗಿ, ಅಕ್ಷರ ನೋಡಿದರೂ ನನಗೆ ಕಿವಿಯಲ್ಲಿ ಟಣಟಣ. ಊಟಕ್ಕೆ ಕೂತರೆ ತಟ್ಟೆಗೆ ಚಮಚ ತಾಗಿದ್ದಕ್ಕೇ ತುತ್ತು ಬಿಟ್ಟು ಕಿವಿಗೊಡುತ್ತಿದ್ದೆ.

ಆಗ ನಾಟಕದಲ್ಲೇ ಕೇಳಿದರಾಯಿತು ಎಂದು ತೋಚಿದ್ದು ಶಾಹೀನ್‌ಗೆ. ನಾಟಕದಲ್ಲಿ ಅವಳು ಕಣಿ ಹೇಳುವವಳ ವೇಷದಲ್ಲಿ ಬುಟ್ಟಿ ಹೊತ್ತು ಬರುವ ಭಾಗ ಒಂದಿತ್ತು. ಅದಕ್ಕೆ ನಾನು ಹೊಸ ಮಾತು ಬರೆದೆ. “ಮನೆದೇವ್ರು ಉತ್ರ ಕೊಡ್ತದೆ, ಎಲ್ರೂ ಸುಮ್ನಿರ್ಬೇಕು. ಹೌದಂದ್ರೆ ಒಂದು ಪೆಟ್ಟು, ಇಲ್ಲಾಂದ್ರೆ ಎರಡು.” ಬೀದಿಯವರಿಗೆ ಅದು ನಾಟಕ, ಮಹಡಿಯವಳಿಗೆ ಪ್ರಶ್ನೆ. ಕಟ್ಟುನಿಟ್ಟಾಗಿ ಒಂದು ಮಾತು ಮಾಡಿಕೊಂಡೆವು: ಯಾರೂ ಮೇಲೆ ನೋಡಬಾರದು.

ಆ ಭಾನುವಾರ ಮಳೆಯಿಂದ ಚರ್ಮ ಸಡಿಲವಾಗಿ ತಮಟೆ ಬೊದ್ ಬೊದ್ ಎನ್ನುತ್ತಿತ್ತು. ಮರದಡಿ ಹಳೇ ಪೇಪರ್ ಸುಟ್ಟು ಕಾಯಿಸಿ ಕಾಯಿಸಿ ಹೊತ್ತಾಯಿತು. ಆ ತಡವೇ ನಮಗೆ ಕೇಡಾಯಿತು ಎಂದು ಆಮೇಲೆ ಗೊತ್ತಾಯಿತು. ಕೊನೆಗೆ ತಮಟೆ ಎದ್ದಿತು, ನಾಟಕ ಶುರುವಾಯಿತು, ಶಾಹೀನ್ ಬುಟ್ಟಿ ಇಳಿಸಿದಳು.

“ತಾಯಿ ಮನೆ ದೂರ ಐತೇನವ್ವಾ?”

ಒಂದು ಪೆಟ್ಟು.

“ಬಾಗಿಲ ಬೀಗ ನಿನ್ನ ಕೈಲೈತೇನವ್ವಾ?”

ಎರಡು.

“ಮೈಮೇಲೆ ಏಟು ಬೀಳ್ತದೇನವ್ವಾ?”

ತಾಡಪಾಲಿನಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಆಮೇಲೆ ಒಂದು ಪೆಟ್ಟು, ಜೋರಾಗಿ.

“ನಿನಗೆಷ್ಟು ವರ್ಷ, ಎಣಿಸಿ ಹೇಳವ್ವಾ.”

ಪೆಟ್ಟು ಬೀಳತೊಡಗಿತು. ನಾನು ನೆಲ ನೋಡುತ್ತಾ ಎಣಿಸಿದೆ. ಹೆಚ್ಚಾಗಲಿ, ಇನ್ನೂ ಹೆಚ್ಚಾಗಲಿ, ಹದಿನೆಂಟು ದಾಟಲಿ ಎಂದು ಒಳಗೇ ಬೇಡಿಕೊಂಡೆ. ಹನ್ನೆರಡಕ್ಕೆ ನಿಂತಿತು. ಆಮೇಲೆ ಆ ಹಗುರದ ಬಾಲ, ತನ್ನ ಸಹಿ ಹಾಕಿದ ಹಾಗೆ. ಗೌರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾಟಕ ಚೆನ್ನಾಗಿದೆಯೆಂದು ಯಾರೋ ಇಬ್ಬರು ಹುಡುಗರು ಶಿಳ್ಳೆ ಹಾಕಿದರು.

ಅಲ್ಲಿಗೆ ಮುಗಿಸಿ ಹೊರಟಿದ್ದರೆ ಆಗುತ್ತಿತ್ತು. ಪುಟ್ಟತಾಯಮ್ಮ ಆ ಹನ್ನೆರಡು ಪೆಟ್ಟನ್ನು ತಮಟೆಯ ಮೇಲೆ ವಾಪಸು ಬಾರಿಸಿದರು. ಬಾಲವನ್ನೂ ಹಚ್ಚಿದರು. ಆಮೇಲೆ ತಮಟೆಯನ್ನು ಹಣೆಗೆ ಮುಟ್ಟಿಸಿಕೊಂಡು, ಎರಡೂ ಕೈಯಲ್ಲಿ ಆ ಮಹಡಿಯ ಕಡೆ ಎತ್ತಿ ಹಿಡಿದರು. ತಮ್ಮಪ್ಪ ತಮಗೆ ಸಲ್ಲಿಸಿದ್ದನ್ನು ಅವಳಿಗೆ ಸಲ್ಲಿಸಿದರು. ನೋಡಬಾರದು ಎನ್ನುವ ಮಾತು ಅವರಿಗೆ ನೆನಪಿರಲಿಲ್ಲವೆಂದಲ್ಲ. ತಮಟೆ ಹಿಡಿದ ಕೈ ಅವರ ಮಾತು ಕೇಳುವ ಕೈಯೇ ಅಲ್ಲ. ತಮಟೆ ಎತ್ತಿದ ಕಡೆ ಬೀದಿಯ ತಲೆಗಳೆಲ್ಲ ತಿರುಗಿದವು. ತಾಡಪಾಲಿನ ಸಂದಿಯಲ್ಲಿದ್ದ ಕೈ ಸರಕ್ಕನೆ ಒಳಗೆ ಹೋಯಿತು.

ನಮ್ಮ ಹಿಂದೆ ಒಬ್ಬರೇ ಚಪ್ಪಾಳೆ ತಟ್ಟಿದರು. ವಕೀಲರು. ಪ್ರವಚನ ಮುಗಿಸಿ ಬಂದವರು ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಯಾವಾಗಿನಿಂದಲೋ ನಿಂತಿದ್ದರು. “ಬಹಳ ಚೆನ್ನಾಗಿತ್ತು. ಗಿರಿಜಾ ಅವರೇ, ನೀವು ಬರೀತೀರ ಅಂತ ನಂಗೆ ಗೊತ್ತೇ ಇರ್ಲಿಲ್ಲ” ಎಂದರು ನಗುತ್ತಾ. ತಮ್ಮ ಮನೆಯ ಮಹಡಿಯನ್ನು ಒಮ್ಮೆ ನೋಡಿದರು, ನಮ್ಮನ್ನು ನೋಡಿದರು, ಕೊಡೆ ಬಿಚ್ಚಿಕೊಂಡು ಗೇಟಿನ ಬೀಗ ತೆಗೆದರು. ಒಳಗಿನಿಂದ ಚಿಲಕ ಹಾಕಿದ ಸದ್ದು ಬೀದಿಗೆಲ್ಲ ಕೇಳಿಸಿತು.

ಅಲ್ಲಿಂದಲೇ ಸಹಾಯವಾಣಿಗೂ ಠಾಣೆಗೂ ಫೋನು ಮಾಡಿದೆವು. ಬಂದದ್ದು ಸೋಮವಾರ ಮಧ್ಯಾಹ್ನ. ಒಬ್ಬ ಅಧಿಕಾರಿ ಹೆಂಗಸು, ಒಬ್ಬಳು ಮಹಿಳಾ ಪೇದೆ. ವಕೀಲರು ನಮ್ಮನ್ನೂ ಸೇರಿಸಿ ಎಲ್ಲರನ್ನೂ ಒಳಗೆ ಕರೆದು ಕೂರಿಸಿದರು, ಕಾಫಿ ತರಿಸಿದರು. ಮಹಡಿಯನ್ನು ತಾವೇ ತೋರಿಸಿದರು. ತಾಡಪಾಲು ಬಿಚ್ಚಿತ್ತು. ಫಿನಾಯಿಲ್ ವಾಸನೆ, ನೆಲ ಇನ್ನೂ ಒದ್ದೆ. ಒಗೆಯುವ ಕಲ್ಲಿನ ಮೇಲೆ ಒಂದು ಸ್ಟೀಲ್ ತಟ್ಟೆ ಕವುಚಿ ಬಿದ್ದಿತ್ತು, ಅದರ ತಳದ ತುಂಬ ಸಣ್ಣ ಸಣ್ಣ ತಗ್ಗು. ಪುಟ್ಟತಾಯಮ್ಮ ಅದನ್ನು ಎತ್ತಿಕೊಂಡು ಕೆಳಗಿಡಲೇ ಇಲ್ಲ.

“ಅದಾ? ನಮ್ಮನೆಯವಳು ಕಾಗೆ ಓಡಿಸೋಕೆ ಬಡೀತಾಳೆ” ಎಂದರು ವಕೀಲರು.

“ನಿನ್ನೆ ಇಲ್ಲಿದ್ದ ಹುಡುಗಿ?” ಎಂದು ಅಧಿಕಾರಿ ಕೇಳಿದರು.

“ದೂರದ ಸಂಬಂಧಿಕರ ಮಗು. ನಾಲ್ಕು ದಿನ ಇದ್ದು ಹೋಗೋಕೆ ಬಂದಿದ್ಲು. ಊರಿಗೆ ಹೋದ್ಲು.”

ಯಾವ ಊರು ಎಂದಾಗ ಒಂದು ಹೆಸರು ಹೇಳಿದರು. ಅಲ್ಲಿ ಅಂಥ ಮನೆಯವರು ಯಾರೂ ಇಲ್ಲವೆಂದು ತಿಳಿಯುವಷ್ಟರಲ್ಲಿ ತಿಂಗಳು ಕಳೆದಿತ್ತು. ಅಷ್ಟರಲ್ಲಿ ವಕೀಲರ ಮಾತೂ ಬದಲಾಗಿತ್ತು, ಹುಡುಗಿಯನ್ನು ಯಾರು ಕರೆದೊಯ್ದರೋ ತಮಗೆ ಗೊತ್ತಿಲ್ಲ ಎನ್ನುತ್ತಿದ್ದರು. ಆ ಸೋಮವಾರ ಅಡುಗೆಮನೆಯಲ್ಲಿ ಲೋಟ ಇಡಲು ಹೋದ ಗೌರಮ್ಮನ ಕೈಯನ್ನು ವಕೀಲರ ಹೆಂಡತಿ ಹಿಡಿದುಕೊಂಡು, “ಅವಳು ಚೆನ್ನಾಗಿರ್ತಾಳೆ ಬಿಡಿ, ಅಲ್ಲೂ ಊಟಕ್ಕೇನು ತೊಂದ್ರೆ ಇಲ್ಲ” ಎಂದರಂತೆ. ‘ಅಲ್ಲೂ’ ಎಂದರೆ ಎಲ್ಲಿ ಎಂದು ಕೇಳುವಷ್ಟರಲ್ಲಿ ಗಂಡ ಬಾಗಿಲಲ್ಲಿ ನಿಂತಿದ್ದರು. ನಾನು ಚಪ್ಪಲಿ ಮೆಟ್ಟುವಾಗ ವಕೀಲರು ಹತ್ತಿರ ಬಂದು ಮೆಲ್ಲಗೆ ಹೇಳಿದ್ದು ಇಂದಿಗೂ ಕಿವಿಯಲ್ಲಿದೆ: “ಅಚ್ಚಿನ ತಪ್ಪು ತಿದ್ದಬಹುದು ಗಿರಿಜಾ ಅವರೇ. ಬೇರೆ ತಪ್ಪು ಮಾಡೋಕೆ ಹೋಗ್ಬೇಡಿ.” ಆ ವರ್ಷವೂ ಪ್ರಸಾದ ಕಳಿಸಿದ್ದರು. ನಾನು ಅದನ್ನು ತಿನ್ನಲೂ ಆಗದೆ ಚೆಲ್ಲಲೂ ಆಗದೆ ಮೇಜಿನ ಮೇಲೆ ಒಣಗಲು ಬಿಟ್ಟೆ.

ಅಧಿಕಾರಿಗಳು ಬಂದುಹೋದ ವಾರವೇ ಶಾಹೀನ್ ಅಂಗಡಿಯಲ್ಲಿ ಇಟ್ಟಿದ್ದ ಎರಡೂ ತಮಟೆಗಳ ಚರ್ಮವನ್ನು ಯಾರೋ ಬ್ಲೇಡಿನಿಂದ ಸೀಳಿದ್ದರು. ಅಡ್ಡ ಒಂದು ಗೀರು, ಉದ್ದ ಒಂದು ಗೀರು, ನೀಟಾಗಿ. ಅಂಗಡಿಯಲ್ಲಿ ಬೇರೆ ಏನನ್ನೂ ಮುಟ್ಟಿರಲಿಲ್ಲ. ಪುಟ್ಟತಾಯಮ್ಮ ಅಳಲಿಲ್ಲ. ಸೀಳಿದ ಚರ್ಮದೊಳಗೆ ಕೈ ತೂರಿಸಿ, “ನಾನೇ ತೋರಿಸ್ಕೊಟ್ಟೆ ಕಣೇ ಅವಳನ್ನ” ಎಂದರು. “ನಮ್ಮಪ್ಪ ನನಗೆ ಮಾಡಿದ್ದನ್ನ ನಾನು ಅವಳಿಗೆ ಮಾಡ್ದೆ. ಅವನು ಬಾಗಿಲು ತೆಗೆದು ಮಾಡ್ದ. ನಾನು ಬಾಗಿಲು ಹಾಕಿರುವಾಗ ಮಾಡ್ಬಿಟ್ಟೆ.”

ಆಮೇಲೆ ನಾಟಕ ಹುಡುಕಾಟವಾಯಿತು. ಚರ್ಮ ಕಟ್ಟುವವರು ಎಲ್ಲೂ ಸಿಗಲಿಲ್ಲ. ಕೇಳಿದವರೆಲ್ಲ ಫೈಬರ್ ಹಾಕಿಕೊಡುತ್ತೇವೆ ಎಂದರು. ಮಳೆಗೆ ಜಗ್ಗದ, ಬೆಂಕಿ ಬೇಡದ ಫೈಬರ್ ತಮಟೆ ಹಿಡಿದು ಬಸವನಗುಡಿ, ಚಾಮರಾಜಪೇಟೆ, ಹನುಮಂತನಗರ ಎಂದು ಬೀದಿ ಬೀದಿ ಅಲೆದೆವು. ಪ್ರಶ್ನೆ ಬಾರಿಸುವುದು, ನೆಲ ನೋಡಿಕೊಂಡು ಕಿವಿಗೊಡುವುದು. ಮಾರನೇ ವರ್ಷ ದೀಪಾವಳಿ ಹತ್ತಿರ ಚಾಮರಾಜಪೇಟೆಯ ಒಂದು ಮನೆಯ ಕಿಟಕಿಯಿಂದ ಉತ್ತರ ಬಂತು. ಈ ಸಲ ಯಾರೂ ತಲೆ ಎತ್ತಲಿಲ್ಲ. ಅಧಿಕಾರಿಗಳು ಹೋಗಿ ಹುಡುಗಿಯನ್ನು ಕರೆತಂದರು. ಕೈತುಂಬ ಸುಟ್ಟ ಗಾಯ, ಬೇರೆ ಭಾಷೆಯ ಮಗು, ತನ್ನಮ್ಮನ ಹತ್ತಿರ ಸೇರಿತು. ಸಂತೋಷಪಡಬೇಕಾದ್ದೇ. ಪಟ್ಟೆವು ಕೂಡ. ಆದರೆ ಉತ್ತರ ಬಂದ ಕೂಡಲೇ ನಾಲ್ವರೂ ಕಾದದ್ದು ಕೊನೆಯ ಆ ಹಗುರವಾದ ಪೆಟ್ಟಿಗೆ, ಮತ್ತು ಅದು ಬಂದಿರಲಿಲ್ಲ. ಹುಡುಕಲು ಹೋದದ್ದು ಒಬ್ಬಳನ್ನು. ಇನ್ನೆಷ್ಟು ಕಿಟಕಿಗಳ ಹಿಂದೆ ಎಷ್ಟು ಜನರಿದ್ದಾರೋ ಎಂಬ ಯೋಚನೆ ಆಮೇಲೆ ನನ್ನನ್ನು ಬಿಡಲಿಲ್ಲ. ಪರಿಚಯದ ಬೀದಿಗಳೇ ಹೆದರಿಸತೊಡಗಿದವು. ಒಂದು ದಿನ ಮಂಡಿನೋವು ಎಂದು ಮನೆಯಲ್ಲೇ ಉಳಿದೆ. ಆಮೇಲೆ ಹೋಗಲಿಲ್ಲ.

ಪುಟ್ಟತಾಯಮ್ಮ ಮಾತ್ರ ಬಿಟ್ಟಿರಲಿಲ್ಲ. “ಇದು ಅವಳಿಗೆ ಗೊತ್ತಿರೋ ಸದ್ದಲ್ಲ, ಅದಕ್ಕೇ ಉತ್ರ ಕೊಡ್ತಿಲ್ಲ” ಎಂದು ಫೈಬರ್ ತಮಟೆಯನ್ನು ಬಯ್ಯುತ್ತಲೇ ಬಾರಿಸುತ್ತಿದ್ದರಂತೆ. ಅದನ್ನು ಹುಚ್ಚು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡಿದ್ದೆ.

“ಎದ್ದಿತು” ಎಂದರು ಪುಟ್ಟತಾಯಮ್ಮ.

ಬೆಂಕಿ ಬೂದಿಯಾಗಿತ್ತು. ತಮಟೆ ಹೆಗಲಿಗೆ ಹಾಕಿಕೊಂಡು ಎದ್ದು ನಿಂತರು. ಶಾಹೀನ್ ಬುಟ್ಟಿ ಹೊತ್ತು ಬಂದು, “ಅಕ್ಕಾ!” ಎಂದು ನನ್ನ ಭುಜ ಹಿಡಿದಳು. ಗೌರಮ್ಮ ದೂರದಿಂದಲೇ ಕೈ ಬೀಸಿದಳು. ಹನುಮಂತನಗರದ ಆ ಬೀದಿಯಲ್ಲಿ ಹೊಸ ಹೊಸ ಅಪಾರ್ಟ್‌ಮೆಂಟುಗಳು, ನಡುವೆ ಒಂದೆರಡು ಹಳೆಯ ಮನೆಗಳು. ನಾಲ್ಕು ಜನ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿದ್ದರು. ತಂಗಿಯ ಮನೆಗೆ ಹೊತ್ತಾಗುತ್ತದೆ, ಒಂದು ಪ್ರಶ್ನೆ ಕೇಳಿಸಿಕೊಂಡು ಹೊರಡೋಣ ಎಂದುಕೊಂಡೆ.

ಪುಟ್ಟತಾಯಮ್ಮ ಬಾರಿಸಿದರು. ಶಂಕರಪುರದಲ್ಲಿ ಮೊದಲ ದಿನ ಬಾರಿಸಿದ್ದನ್ನೇ. ಕಾದ ಚರ್ಮದ ಆ ದಪ್ಪ ಸದ್ದು ಗೋಡೆಗೆ ಬಡಿದು ಹಿಂದಿರುಗಿ ಆರಿಹೋಯಿತು. ಬೀದಿ ಸುಮ್ಮನಿತ್ತು. ಯಾರದೋ ಮನೆಯಲ್ಲಿ ಕುಕ್ಕರ್ ಕೂಗಿತು.

ಆಮೇಲೆ ನನ್ನ ತಲೆಯ ಮೇಲೆ, ಎಡಗಡೆಯ ಕಟ್ಟಡದ ಎತ್ತರದಲ್ಲೆಲ್ಲೋ, ಲೋಹದ ಮೇಲೆ ಲೋಹದ ಸದ್ದು. ನಿಧಾನವಾಗಿ, ಮರೆತ ಪಾಠ ನೆನಪು ಮಾಡಿಕೊಳ್ಳುವವರ ಹಾಗೆ, ಒಂದೊಂದೇ ಪೆಟ್ಟು. ಒಂದೂ ತಪ್ಪಿರಲಿಲ್ಲ. ಎಲ್ಲ ಮುಗಿಯಿತು ಎನ್ನುವಾಗ ಕೊನೆಯಲ್ಲಿ, ಹಗುರವಾಗಿ, ಇನ್ನೊಂದು.

ಹನ್ನೆರಡರವಳಿಗೆ ಈಗ ಹದಿನಾರು. ಇಷ್ಟು ವರ್ಷ ನಾವು ಫೈಬರ್ ಬಡಿಯುತ್ತಾ ಓಡಾಡಿದ ಇದೇ ಬೀದಿ.

ಪುಟ್ಟತಾಯಮ್ಮನ ಎರಡೂ ಕೈ ತಮಟೆಯ ಅಂಚು ಹಿಡಿದು ಎದೆಯವರೆಗೆ ಎದ್ದವು. ಆ ಕೈಗಳು ಅಲ್ಲೇ ನಿಂತವು, ಮೆಲ್ಲಗೆ ಕೆಳಗಿಳಿದವು. ಶಾಹೀನ್ ಆಗಲೇ ಬುಟ್ಟಿಯೊಳಗೆ ಫೋನು ತಡಕುತ್ತಿದ್ದಳು.

“ಮೇಲೆ ನೋಡ್ಬೇಡಿ” ಎಂದರು ಪುಟ್ಟತಾಯಮ್ಮ, ತುಟಿ ಅಲುಗದ ಹಾಗೆ. “ನಿಮ್ಮ ದಮ್ಮಯ್ಯ, ಯಾರೂ ಮೇಲೆ ನೋಡ್ಬೇಡಿ.”

ನಾನು ಬೂದಿಯನ್ನೇ ನೋಡುತ್ತಾ ನಿಂತೆ. ಮೇಲಿನಿಂದ ಮತ್ತೆ ಪೆಟ್ಟು ಬೀಳತೊಡಗಿತು, ಈ ಸಲ ಪ್ರಶ್ನೆ ಅವಳದು.